ಅಷ್ಟೂರಿಗೆ ಹೊರಟಿದ್ದೇವೆ, ಸುಲ್ತಾನರ ಗೋರಿಯ ಒಳಗೆ ಹೇಗಿರಬೇಕು?

ಸಾಗರದವಳು

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಬೀದರ್, ಅದರ ಪಕ್ಕದ ಅಷ್ಟೂರು, ಕಲಬುರಗಿ, ವಿಜಯಪುರ ನೋಡಿಕೊಂಡು ಬರೋಣ ಅಂತ ಹೊರಟಿದ್ದೇವೆ. ನಾನು, ನಮ್ಮನೆಯವರು, 11 ವರ್ಷದ ಮಗಳು, 6 ವರ್ಷದ ಮಗ, ಜೊತೆಗೆ ನಮ್ಮಮ್ಮ. ಬಸ್ಸು, ರೂಮು ಎಲ್ಲ ಆಗಿದೆ. ನಾನು ಕೇಳಬೇಕಾಗಿರುವುದು ಬೇರೆ.

ಕಾಲೇಜಿನಲ್ಲಿದ್ದಾಗ ಟೂರಿಗೆ ಅಂತ ಗೋಳಗುಮ್ಮಟಕ್ಕೆ ಹೋಗಿದ್ದೆವು. ಮೇಲಿನ ಗ್ಯಾಲರಿಗೆ ಹತ್ತಿ ನಾವೆಲ್ಲ ಕಿರುಚಿದ್ದೇ ಕಿರುಚಿದ್ದು. ಗೆಳತಿಯ ಹೆಸರನ್ನು ನಾನು ಎಷ್ಟು ಸಲ ಕೂಗಿದೆನೋ ಲೆಕ್ಕ ಇಲ್ಲ. ಗಂಟಲು ಕಟ್ಟಿದ ಮೇಲೆ ಕೆಳಗೆ ಇಳಿದು ಬಂದೆವು. ನಡುವೆ ಕಟ್ಟೆಯ ಮೇಲೆ ಗೋರಿಗಳಿವೆಯಲ್ಲ, ಅದರ ಪಕ್ಕ ಒಬ್ಬ ವಯಸ್ಸಾದ ಹೆಂಗಸು ಕೂತಿದ್ದರು. ಎರಡೂ ಅಂಗೈ ಮೇಲೆ ಮಾಡಿ, ಕಣ್ಣು ಮುಚ್ಚಿ ಏನೋ ಹೇಳಿಕೊಳ್ಳುತ್ತಿದ್ದರು. ಮೇಲಿನಿಂದ ಯಾರೋ ಶಿಳ್ಳೆ ಹಾಕಿದಾಗ ಅವರ ಭುಜ ಬೆಚ್ಚಿತು. ಕಣ್ಣು ಬಿಡಲಿಲ್ಲ. ಮತ್ತೆ ಮೊದಲಿನಿಂದ ಹೇಳಿಕೊಳ್ಳೋಕೆ ಶುರು ಮಾಡಿದರು. ಸುಮಾರು 20 ವರ್ಷ ಆಯ್ತು, ಅವರ ಆ ಭುಜ ನನಗೆ ಇನ್ನೂ ನೆನಪಿದೆ. ನನ್ನ ಅಜ್ಜಿ ಸಂಧ್ಯಾದೀಪ ಹಚ್ಚಿ ಕೂತಾಗ ಯಾರಾದರೂ ಹೀಗೆ ಕಿರುಚಿದ್ದರೆ ನಾನು ಸುಮ್ನೆ ಇರುತ್ತಿದ್ದೆನಾ?

ಈ ಸಲ ಮಕ್ಕಳ ಜೊತೆ ಹೋಗುತ್ತಿದ್ದೇನೆ. ಅದೇ ತಪ್ಪು ಆಗಬಾರದು. ತಲೆ ಮುಚ್ಚಬೇಕಾ? ಹೆಂಗಸರು ಒಳಗೆ ಹೋಗಬಹುದಾ? ಹೂವು ಕೊಡಬಹುದಾ, ಕೈ ಮುಗಿಯಬಹುದಾ? ಫೋಟೋ? ನಮ್ಮ ಕಡೆ ಇಂಥ ಜಾಗ ಇಲ್ಲ, ಹಾಗಾಗಿ ಏನೂ ಗೊತ್ತಿಲ್ಲ.

ಅಮ್ಮನದು ಇನ್ನೊಂದು ಪ್ರಶ್ನೆ. "ಗೋರಿಗೆ ಹೋಗಿ ಬಂದರೆ ತಲೆಗೆ ಸ್ನಾನ ಆಗಬೇಕಲ್ಲ, ದಾರೀಲಿ ಎಲ್ಲಿ ಮಾಡೋದು?" ಅಂತ ಕೇಳುತ್ತಿದ್ದಾರೆ. ದಯವಿಟ್ಟು ಯಾರೂ ಇದಕ್ಕೆ ನಗಬೇಡಿ. ಅವರಿಗೆ ಅದು ನಿಜವಾದ ಚಿಂತೆ.

ಬೀದರಿನವ

ಬರ್ರಿ ಅಕ್ಕಾ, ನಮ್ಮೂರಿಗೆ ಬರ್ರಿ. ಅಷ್ಟೂರು ಊರಿಂದ ಪೂರ್ವಕ್ಕೆ ಮೂರು ಕಿಲೋಮೀಟರ್ ಆಸುಪಾಸು. ಆಟೋದವರಿಗೆ "ಅಷ್ಟೂರ್ ಗುಂಬಜ್" ಅಂದರೆ ಸಾಕು.

ಮೊದಲು ಒಂದು ವಿಷಯ ತಿಳಿದುಕೊಳ್ಳಿ. ಅಷ್ಟೂರಿನಲ್ಲಿ ಬಹಮನಿ ಅರಸರ ಗೋರಿಗಳು ಸಾಲಾಗಿವೆ. ಅದರಲ್ಲಿ ಅಹ್ಮದ್ ಶಾ ವಲಿಯದು ಉಳಿದವುಗಳ ಹಾಗಲ್ಲ. ಅಲ್ಲಿ ಇವತ್ತಿಗೂ ಜನ ಹರಕೆ ಹೊತ್ತು ಬರುತ್ತಾರೆ. ಗೋರಿಗೆ ಚಾದರ ಹೊದಿಸಿರುತ್ತಾರೆ, ಊದು ಹಚ್ಚಿರುತ್ತಾರೆ, ಸಕ್ಕರೆ ಓದಿಸುತ್ತಾರೆ, ಅಂದರೆ ಸಕ್ಕರೆ ಮುಂದಿಟ್ಟು ಪ್ರಾರ್ಥನೆ ಹೇಳಿಸಿ ಹಂಚುತ್ತಾರೆ. ಪುರಾತತ್ವ ಇಲಾಖೆಯ ಫಲಕವೂ ಇದೆ, ಮನೆಯಲ್ಲಿ ತೊಟ್ಟಿಲು ತುಂಬಲಿ ಅಂತ ಬೇಡಿಕೊಳ್ಳೋಕೆ ಬಂದ ಹೆಣ್ಣುಮಗಳೂ ಇರುತ್ತಾಳೆ. ಹಾಗಾಗಿ ಅಲ್ಲಿ ಚಪ್ಪಲಿ ಹೊರಗೆ ಬಿಡಬೇಕು. ನೀವು ಹೆಂಗಸರು ಸೆರಗು ತಲೆ ಮೇಲೆ ಎಳೆದುಕೊಳ್ಳಿ. ಗಂಡಸರು ಒಂದು ಕರವಸ್ತ್ರ ಕಟ್ಟಿಕೊಂಡರೆ ಚಂದ. ಹೊಸ್ತಿಲು ತುಳಿಯದೆ ದಾಟಿ ಹೋಗಿ. ಇದನ್ನು ನಿಮ್ಮಮ್ಮನಿಗೆ ಹೇಳಿಕೊಡಬೇಕಾಗಿಲ್ಲ ಬಿಡಿ, ಅವರೇ ಮಕ್ಕಳಿಗೆ ಹೇಳುತ್ತಾರೆ.

ಪಕ್ಕದ ಗೋರಿಗಳಲ್ಲಿ ಸಾಮಾನ್ಯವಾಗಿ ಯಾರೂ ಇರುವುದಿಲ್ಲ. ಪಾರಿವಾಳ, ಬಾವಲಿ, ಅಷ್ಟೇ. ಅಲ್ಲಿ ಯಾರೂ ನಿಮಗೆ ಏನೂ ಹೇಳುವುದಿಲ್ಲ. ಆದರೂ ಗೋರಿ ಗೋರಿಯೇ. ಅದರ ಮೇಲೆ ಕೂರುವುದು, ಬ್ಯಾಗ್ ಇಡುವುದು, ಒರಗಿ ಫೋಟೋ ತೆಗೆಸಿಕೊಳ್ಳುವುದು ಮಾಡಬೇಡಿ. ನಾನು ಕಣ್ಣಾರೆ ನೋಡಿದ್ದೇನೆ, ಒಂದು ಗುಂಪು ಗೋರಿಯ ಮೇಲೆ ಪೇಪರ್ ಹಾಸಿ ಚುರುಮುರಿ ತಿನ್ನುತ್ತಿತ್ತು. ಎದ್ದೇಳಿ ಅಂದೆ. "ಇದು ಬೆಂಚ್ ಅಲ್ವಾ?" ಅಂದರು. ಕೆಟ್ಟವರೇನಲ್ಲ ಅವರು. ಅವರಿಗೆ ಗೊತ್ತೇ ಇರಲಿಲ್ಲ.

ನಿವೃತ್ತ ಮೇಷ್ಟ್ರು, ಕಲಬುರಗಿ

ಬೀದರಿನವರು ಹೇಳಿದ್ದು ಸರಿ. ಗೋರಿಯನ್ನು ಗುರುತಿಸೋಕೆ ಮಕ್ಕಳಿಗೆ ಒಂದು ದಾರಿ ಹೇಳಿಕೊಡಿ. ನಮ್ಮ ದೇಶದಲ್ಲಿ ಮುಸ್ಲಿಮರ ಗೋರಿ ಉತ್ತರ ದಕ್ಷಿಣವಾಗಿ ಉದ್ದಕ್ಕೆ ಇರುತ್ತದೆ. ತಲೆ ಉತ್ತರಕ್ಕೆ, ಮುಖವನ್ನು ಪಶ್ಚಿಮಕ್ಕೆ, ಅಂದರೆ ಮಕ್ಕಾದ ಕಡೆ ತಿರುಗಿಸಿ ಮಲಗಿಸಿರುತ್ತಾರೆ. ಹಳೆಯ ಗೋರಿಗಳಲ್ಲಿ ಸಾಮಾನ್ಯವಾಗಿ ಗಂಡಸರದ್ದಾದರೆ ಮೇಲೆ ಉದ್ದನೆಯ ಏಣು ಇರುತ್ತದೆ, ಹೆಂಗಸರದ್ದು ಚಪ್ಪಟೆ. ಇಷ್ಟು ಗೊತ್ತಾದರೆ ಮಗು ಅದನ್ನು ಬೆಂಚ್ ಅಂದುಕೊಳ್ಳುವುದಿಲ್ಲ. ಯಾರೋ ಮಲಗಿದ್ದಾರೆ ಅಂತ ಅದಕ್ಕೇ ಅರ್ಥವಾಗುತ್ತದೆ.

ಅಹ್ಮದ್ ಶಾ ಬಗ್ಗೆ ಸ್ವಲ್ಪ ಬರೆಯುತ್ತೇನೆ, ಹೋಗುವ ಮುಂಚೆ ಗೊತ್ತಿದ್ದರೆ ಒಳ್ಳೆಯದು. ಆಳಿದ್ದು 1422ರಿಂದ 1436. ಬಹಮನಿ ರಾಜಧಾನಿಯನ್ನು ನಮ್ಮ ಕಲಬುರಗಿಯಿಂದ ಬೀದರಿಗೆ ಒಯ್ದವನು ಅವನೇ. ಮಳೆಯಿಲ್ಲದೆ ಬರ ಬಿದ್ದಾಗ ಅವನು ಬಯಲಿನಲ್ಲಿ ನಿಂತು ಪ್ರಾರ್ಥನೆ ಮಾಡಿದ, ಮಳೆ ಬಂತು, ಅದಕ್ಕೇ ಜನ ವಲಿ ಅಂದರು ಅಂತ ಕಥೆ. ವಲಿ ಅಂದರೆ ಸಂತ.

ಇನ್ನು ಉರುಸಿನ ವಿಷಯ. ಇದನ್ನು ನಾನು ತರಗತಿಯಲ್ಲಿ ಪ್ರತಿ ವರ್ಷ ಹೇಳುತ್ತಿದ್ದೆ. ಸುಲ್ತಾನನ ಉರುಸು ನಡೆಯುವುದು ಇಸ್ಲಾಮಿ ತಿಂಗಳ ಲೆಕ್ಕದಲ್ಲಿ ಅಲ್ಲ, ನಮ್ಮ ಪಂಚಾಂಗದ ಲೆಕ್ಕದಲ್ಲಿ, ಹೋಳಿ ಹುಣ್ಣಿಮೆ ಆದಮೇಲೆ. ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ಜಂಗಮರು ಬರಬೇಕು. ಅವರು ಶಂಖ ಊದಿಸಿಕೊಂಡು ಬಂದು, ಕಾಯಿ ಒಡೆದು, ಹೂವು ಏರಿಸಿದ ಮೇಲೆ ಉರುಸು. ಸುತ್ತಲಿನ ಲಿಂಗಾಯತ ಭಕ್ತರು ಅಹ್ಮದ್ ಶಾನನ್ನು ಅಲ್ಲಮಪ್ರಭುವಿನ ಅವತಾರ ಅಂತಲೇ ನಂಬುತ್ತಾರೆ. ಮುಸ್ಲಿಮರಿಗೆ ವಲಿ, ಇವರಿಗೆ ಅಲ್ಲಮ. ಒಂದೇ ಗೋರಿ.

ಅಮ್ಮನವರ ಪ್ರಶ್ನೆಗೆ ನನ್ನದೊಂದು ಮಾತು. ಅವರು ಮಂತ್ರಾಲಯಕ್ಕೆ ಹೋಗಿರಬೇಕಲ್ಲ? ರಾಯರ ಬೃಂದಾವನಕ್ಕೆ ಪ್ರದಕ್ಷಿಣೆ ಹಾಕಿ ಬಂದು ಸೂತಕ ಅಂತ ಯಾರೂ ಸ್ನಾನ ಮಾಡುವುದಿಲ್ಲ. ನಮ್ಮ ಮಠಗಳಲ್ಲಿ ಗದ್ದುಗೆಗೆ ಹಣೆ ಹಚ್ಚಿ ಬರುತ್ತೇವೆ. ಅಲ್ಲೂ ಒಳಗೆ ಇರುವುದು ಒಂದು ದೇಹವೇ ಅಲ್ಲವೇ? ಅಷ್ಟೂರಿಗೆ ಬರುವ ಹಳ್ಳಿಯ ಹೆಂಗಸರು ಹಾಗೇ ಅಂದುಕೊಂಡು ಬರುತ್ತಾರೆ. ಆದರೂ ಅವರಿಗೆ ಸಮಾಧಾನ ಆಗದಿದ್ದರೆ ರೂಮಿಗೆ ಬಂದು ಸ್ನಾನ ಮಾಡಲಿ, ಅದರಲ್ಲಿ ಯಾರಿಗೂ ಅವಮಾನ ಇಲ್ಲ. ಒತ್ತಾಯ ಮಾತ್ರ ಮಾಡಬೇಡಿ.

ಪಟ್ಟಣದ ಹುಡುಗಿ

ನಾನು ಶ್ರೀರಂಗಪಟ್ಟಣದವಳು, ಮುಸ್ಲಿಂ. ಸಾಗರದ ಅಕ್ಕ, ಆ ಅಜ್ಜಿಯ ಭುಜದ ವಿಷಯ ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಕೇಳಿದ್ದಕ್ಕೆ ಥ್ಯಾಂಕ್ಸ್.

ನಮ್ಮ ಊರಿನ ಗುಂಬಜ್ ಗೊತ್ತಿರಬಹುದು. ಟಿಪ್ಪು ಸುಲ್ತಾನ್ ತನ್ನ ತಂದೆ ಹೈದರ್ ಅಲಿಗಾಗಿ ಕಟ್ಟಿಸಿದ್ದು. ತಾಯಿಯದೂ ಅಲ್ಲೇ ಇದೆ. 1799ರಲ್ಲಿ ಅವನನ್ನೂ ಅಲ್ಲೇ ತಂದು ಮಣ್ಣು ಮಾಡಿದರು. ಹೊರಗೆ 36 ಕರಿಕಲ್ಲಿನ ಕಂಬ, ಒಳಗೆ ಗೋಡೆಗೆ ಹುಲಿಪಟ್ಟೆ ಬಣ್ಣ. ನಮ್ಮ ಮನೆತನದವರ ಗೋರಿಗಳು ಇರುವುದು ಬೇರೆ ಖಬರಸ್ತಾನದಲ್ಲಿ, ಆದರೂ ಅಬ್ಬಾ ನನ್ನನ್ನು ಚಿಕ್ಕಂದಿನಿಂದ ಗುಂಬಜ್‌ಗೆ ಕರೆದುಕೊಂಡು ಹೋಗುತ್ತಿದ್ದರು. ಒಳಗೆ ಹೋಗುವಾಗ ಅವರು ಕಲಿಸಿದ್ದು ಒಂದೇ. ಮನೆಗೆ ಹೋದಾಗ ಮೊದಲು ಸಲಾಂ ಹೇಳುತ್ತೀಯಲ್ಲ, ಹಾಗೇ ಇಲ್ಲೂ ಹೇಳು ಅಂತ. ಗೋರಿಯವರಿಗೆ ಸಲಾಂ ಹೇಳುವುದು, ಅವರಿಗಾಗಿ ಫಾತಿಹಾ (ಕುರಾನಿನ ಮೊದಲ ಅಧ್ಯಾಯ) ಓದುವುದು, ನಾವೂ ಒಂದು ದಿನ ಹೀಗೇ ಮಲಗುತ್ತೇವೆ ಅಂತ ನೆನಪು ಮಾಡಿಕೊಳ್ಳುವುದು. ಅಷ್ಟೇ.

ನೀವು ಏನೂ ಅರ್ಪಿಸಲೇಬೇಕು ಅಂತ ಇಲ್ಲ. ಹೂವು ಕೊಟ್ಟರೆ ತಗೊಳ್ಳುತ್ತಾರೆ. ಕೈ ಮುಗಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಮುಸ್ಲಿಮರಲ್ಲೇ ಇದರ ಬಗ್ಗೆ ಬೇರೆ ಬೇರೆ ಅಭಿಪ್ರಾಯ ಇದೆ. ಕೆಲವರು ಚಾದರ ಹೊದಿಸುತ್ತಾರೆ, ಹರಕೆ ಹೊರುತ್ತಾರೆ. ಕೆಲವರಿಗೆ ಅದು ಸರಿ ಕಾಣುವುದಿಲ್ಲ, ಬರೀ ದುವಾ ಮಾಡಿ ಬರುತ್ತಾರೆ. ಗೋರಿಗೆ ಸಜ್ದಾ, ಅಂದರೆ ಹಣೆ ನೆಲಕ್ಕೆ ಹಚ್ಚಿ ನಮಸ್ಕಾರ, ಮಾಡಬಾರದು ಅಂತ ನಮಗೆ ಹೇಳುತ್ತಾರೆ. ಹಾಗಾಗಿ ನಿಮಗೆ ಗೊತ್ತಿಲ್ಲದ ವಿಧಿ ಯಾವುದನ್ನೂ ನೋಡಿ ನೋಡಿ ನಕಲು ಮಾಡಬೇಡಿ. ನಿಂತು, ಸುಮ್ನೆ ಇದ್ದು, ಬಂದರೆ ಸಾಕು.

ಹೆಂಗಸರ ವಿಷಯ. ಕೆಲವು ದರ್ಗಾಗಳಲ್ಲಿ ನಾವು ಹೊಸ್ತಿಲ ತನಕ ಮಾತ್ರ, ಜಾಲಂಧ್ರದಿಂದ ನೋಡಬೇಕು. ಅರಸರ ಗೋರಿಗಳಲ್ಲಿ ಸಾಮಾನ್ಯವಾಗಿ ಒಳಗೆ ಬಿಡುತ್ತಾರೆ. ಬಾಗಿಲಲ್ಲಿ ಒಂದು ಮಾತು ಕೇಳಿ. ಕೇಳಿದರೆ ಅವರಿಗೆ ಖುಷಿಯಾಗುತ್ತದೆ.

ಬೆನ್ನುಚೀಲ

ಫೋಟೋ ಬಗ್ಗೆ ನಾನು ಹೇಳುತ್ತೇನೆ, ನನ್ನ ಹವ್ಯಾಸ ಅದೇ. ಅಷ್ಟೂರಿನ ಅಹ್ಮದ್ ಶಾ ಗೋರಿಯಲ್ಲಿ ಫ್ಲಾಶ್ ಹಾಕಲೇಬೇಡಿ. ಒಳಗೆ ಗೋಡೆ, ಗುಮ್ಮಟದ ಒಳಮೈ ತುಂಬ ಬಣ್ಣದ ಚಿತ್ತಾರ ಇದೆ. ಕೆಂಪು, ನೀಲಿ, ಬಂಗಾರದ ಬಣ್ಣ. ಸುಮಾರು 600 ವರ್ಷದ ಹಿಂದೆ ಹಚ್ಚಿದ ಬಣ್ಣ ಅದು. ಒಬ್ಬರು ಫ್ಲಾಶ್ ಹಾಕಿದರೆ ಏನಾಗುತ್ತೆ ಅಂತ ಪ್ರತಿಯೊಬ್ಬರೂ ಅಂದುಕೊಂಡರೆ ಮುಗೀತು.

ಪ್ರಾರ್ಥನೆ ಮಾಡುತ್ತಿರುವವರ ಮುಖಕ್ಕೆ ಕ್ಯಾಮೆರಾ ಹಿಡಿಯಬೇಡಿ. ಇದರಲ್ಲಿ ನನ್ನ ಕೈಯಿಂದಲೇ ತಪ್ಪಾಗಿದೆ. ಒಬ್ಬ ತಾಯಿ ಗೋರಿಯ ಕಾಲ ಬಳಿ ಮಗುವನ್ನು ಮಲಗಿಸಿ ಅಳುತ್ತಿದ್ದರು. ಬಾಗಿಲಿನಿಂದ ಬೆಳಕು ಸರಿಯಾಗಿ ಅವರ ಮೇಲೆ ಬೀಳುತ್ತಿತ್ತು. ಕ್ಲಿಕ್ ಮಾಡಿದೆ. ಶಬ್ದ ಕೇಳಿ ಅವರು ತಿರುಗಿ ನೋಡಿದರು. ಏನೂ ಅನ್ನಲಿಲ್ಲ, ಮಗುವಿನ ಮುಖಕ್ಕೆ ಸೆರಗು ಮುಚ್ಚಿದರು. ಆ ಫೋಟೋವನ್ನು ಅವರ ಎದುರಿಗೇ ಅಳಿಸಿ, ಕ್ಷಮೆ ಕೇಳಿದೆ. ಅವತ್ತಿನಿಂದ ಒಳಗೆ ಹೋದ ಮೊದಲ ಹತ್ತು ನಿಮಿಷ ಕ್ಯಾಮೆರಾ ಬ್ಯಾಗಿನಿಂದ ತೆಗೆಯುವುದಿಲ್ಲ.

ಹೊಸಬ 77

ಒಂದು ಪ್ರಶ್ನೆ, ಜಗಳಕ್ಕೆ ಅಲ್ಲ. ಈ ಸುಲ್ತಾನರಲ್ಲಿ ಕೆಲವರು ಕ್ರೂರಿಗಳು. ಅವರ ಗೋರಿಯ ಮುಂದೆ ತಲೆ ಮುಚ್ಚಿಕೊಂಡು ಗೌರವದಿಂದ ನಿಲ್ಲಬೇಕು ಅಂದರೆ ನನಗೆ ಕಷ್ಟ. ಕಟ್ಟಡ ನೋಡೋಕೆ ಇಷ್ಟ, ಆದರೆ ಮನಸ್ಸಿಗೆ ಒಪ್ಪದ್ದನ್ನು ಹೇಗೆ ಮಾಡುವುದು?

ನಿವೃತ್ತ ಮೇಷ್ಟ್ರು, ಕಲಬುರಗಿ

ಒಳ್ಳೆಯ ಪ್ರಶ್ನೆ. ನನ್ನ ವಿದ್ಯಾರ್ಥಿಗಳೂ ಕೇಳುತ್ತಿದ್ದರು. ಯಾವುದನ್ನೂ ಮುಚ್ಚಿಡದೆ ಹೇಳುತ್ತೇನೆ. ಅಷ್ಟೂರಿನಲ್ಲೇ ಹುಮಾಯೂನ್ ಶಾನ ಗೋರಿ ಇದೆ. 1458ರಿಂದ 1461, ಮೂರೇ ವರ್ಷ ಆಳಿದ. ಅವನಿಗೆ ಇತಿಹಾಸದಲ್ಲಿ ಉಳಿದ ಹೆಸರು "ಜಾಲಿಂ", ಅಂದರೆ ಕ್ರೂರಿ. ಹಾಗೆ ಬರೆದವರು ಪರ್ಷಿಯನ್ ಭಾಷೆಯ ಚರಿತ್ರೆಕಾರರೇ. ಅವನ ಗೋರಿಯ ಗುಮ್ಮಟ ಈಗ ಅರ್ಧ ಮಾತ್ರ ಇದೆ. ಸಿಡಿಲು ಬಡಿದು ಒಡೆಯಿತು ಅನ್ನುತ್ತಾರೆ. ಒಡೆದ ಕಡೆ ನಿಂತು ನೋಡಿದರೆ ಗೋಡೆ ಎಷ್ಟು ದಪ್ಪ, ಗುಮ್ಮಟವನ್ನು ಹೇಗೆ ಏರಿಸಿದ್ದಾರೆ ಅನ್ನುವುದೆಲ್ಲ ಕೊಯ್ದು ಇಟ್ಟ ಹಲಸಿನ ಹಣ್ಣಿನ ಹಾಗೆ ಕಾಣುತ್ತದೆ.

ಅಹ್ಮದ್ ಶಾನೂ ಅಷ್ಟೇ. ಮಳೆಗಾಗಿ ಬೇಡಿಕೊಂಡ ಅರಸನೂ ಅವನೇ, ವಿಜಯನಗರದ ಮೇಲೆ ಹೋಗಿ ಹಳ್ಳಿ ಹಳ್ಳಿಯಲ್ಲಿ ಜನರನ್ನು ಕೊಲ್ಲಿಸಿದವನೂ ಅವನೇ. ಎರಡನ್ನೂ ಚರಿತ್ರೆಕಾರ ಫರಿಷ್ತಾ ಬರೆದಿದ್ದಾನೆ. ಎರಡನ್ನೂ ಮಕ್ಕಳಿಗೆ ಹೇಳಬೇಕು.

ಈಗ ನಿಮ್ಮ ಪ್ರಶ್ನೆ. ನೀವು ಅಲ್ಲಿ ದನಿ ತಗ್ಗಿಸಿದರೆ ಅವನ ಆಳ್ವಿಕೆಗೆ ಸರ್ಟಿಫಿಕೇಟ್ ಕೊಟ್ಟ ಹಾಗೆ ಆಗುವುದಿಲ್ಲ. ನಮ್ಮ ಹಳ್ಳಿಯಲ್ಲಿ ಜೀವಮಾನ ಇಡೀ ಜಗಳ ಆಡಿದವನ ಮಣ್ಣಿಗೂ ಹೋಗಿ ಒಂದು ಹಿಡಿ ಮಣ್ಣು ಹಾಕಿ ಬರುತ್ತೇವೆ. ಜಗಳ ಮನೆ ಕಟ್ಟೆಯಲ್ಲಿ, ಮಣ್ಣಿನ ಹತ್ತಿರ ಅಲ್ಲ. ಮತ್ತೆ, ಅಲ್ಲಿ ನಿಂತಿರುವ ಹರಕೆಯ ತಾಯಿಗೆ ನಿಮ್ಮ ಗೌರವ ಸಲ್ಲಬೇಕು. ಗೋರಿಯಲ್ಲಿ ಇರುವವನಿಗಿಂತ ಮೊದಲು ಆಕೆಗೆ. ತಲೆ ಮುಚ್ಚುವುದು ಕಷ್ಟ ಅನ್ನಿಸಿದರೆ ಬಾಗಿಲ ಹೊರಗೆ ನಿಂತು ನೋಡಿ. ಅದೂ ಒಂದು ಮರ್ಯಾದೆಯೇ.

ಹೊಸಬ 77

ಹರಕೆಯ ತಾಯಿಯ ವಿಷಯ ಯೋಚಿಸಿರಲಿಲ್ಲ ಸರ್. ಒಪ್ಪುತ್ತೇನೆ. ಈ ಡಿಸೆಂಬರಿನಲ್ಲಿ ನಾನೂ ಹೋಗಿ ಬರುತ್ತೇನೆ.

ಗುಮ್ಮಟದ ನೆರಳು

ವಿಜಯಪುರದಿಂದ ಬರೆಯುತ್ತಿದ್ದೇನೆ. ಗೋಳಗುಮ್ಮಟದ ಕೂಗಾಟದ ಬಗ್ಗೆ ನಾನು ಹೇಳಲೇಬೇಕು. ದಿನಾ ಕೇಳಿ ಕೇಳಿ ಹೊಟ್ಟೆ ಉರಿಯುತ್ತದೆ.

ಗೋಳಗುಮ್ಮಟ ಮುಹಮ್ಮದ್ ಆದಿಲ್ ಶಾನ ಗೋರಿ. ಅವನು 1627ರಿಂದ 1656ರ ತನಕ ಆಳಿದ. ಆ ಗುಮ್ಮಟದ ಹೊರಗಿನ ಅಡ್ಡಳತೆ ಸುಮಾರು 44 ಮೀಟರ್. ಒಳಗೆ ನಡುವೆ ಒಂದೂ ಕಂಬ ಇಲ್ಲ. ಕಟ್ಟೆಯ ಮೇಲೆ ಅವನದು, ಅವನ ಇಬ್ಬರು ಹೆಂಡಂದಿರದು, ಅವನ ಮೆಚ್ಚಿನ ನರ್ತಕಿ ರಂಭಾಳದು, ಮಗಳದು, ಮೊಮ್ಮಗನದು ಗೋರಿಗಳಿವೆ. ಅವು ಗುರುತಿಗೆ ಕಟ್ಟಿದವು. ನಿಜವಾದ ಗೋರಿಗಳು ಸರಿಯಾಗಿ ಅದರ ಕೆಳಗೆ, ನೆಲಮಾಳಿಗೆಯಲ್ಲಿವೆ. ಬಂದವರಲ್ಲಿ ನೂರಕ್ಕೆ ತೊಂಬತ್ತು ಜನ ಆ ಕಟ್ಟೆಯ ಕಡೆ ತಿರುಗಿ ಕೂಡ ನೋಡುವುದಿಲ್ಲ. ಸೀದಾ ಮೆಟ್ಟಿಲು ಹತ್ತುತ್ತಾರೆ, ಕಿರುಚುತ್ತಾರೆ, ಇಳಿದು ಹೋಗುತ್ತಾರೆ.

ಅಕ್ಕ, ಮಕ್ಕಳಿಗೆ ಆ ಗ್ಯಾಲರಿಯ ಆಟ ತಪ್ಪಿಸಬೇಡಿ. ಅದು ಪಿಸುಮಾತಿನ ಗ್ಯಾಲರಿ. ಪಿಸುಮಾತಿಗೇ ಅದರ ನಿಜವಾದ ಸೊಗಸು. ಹಳೆಯ ಗೈಡ್‌ಗಳು ಎದುರು ಬದಿಗೆ ಹೋಗಿ ಒಂದು ಚೂರು ಕಾಗದ ಹರಿಯುತ್ತಿದ್ದರು, ಇಲ್ಲ ಬೆಂಕಿಕಡ್ಡಿ ಗೀರುತ್ತಿದ್ದರು. ಆ ಚರ್ ಅನ್ನುವ ಶಬ್ದ ಇಲ್ಲಿ ನಮ್ಮ ಕಿವಿಯ ಪಕ್ಕದಲ್ಲೇ ಆದಂತೆ ಕೇಳುತ್ತದೆ. ಕಿರುಚಿದರೆ ಏಳು ಸಲ, ಹತ್ತು ಸಲ ಮರುದನಿ ಬಂದು ಒಂದರ ಮೇಲೊಂದು ಬಿದ್ದು ಬರೀ ಗದ್ದಲ. ಬೆಳಗ್ಗೆ ಬಾಗಿಲು ತೆಗೆದ ಕೂಡಲೇ ಹೋಗಿ. ಮಗಳನ್ನು ಒಂದು ಕಡೆ, ಮಗನನ್ನು ಎದುರು ಕಡೆ ಕೂರಿಸಿ. ಗೋಡೆಗೆ ಬಾಯಿ ಹತ್ತಿರ ತಂದು ಮೆಲ್ಲಗೆ ಅಕ್ಕಾ ಅನ್ನು ಅಂತ ಹೇಳಿಕೊಡಿ. ಆ ಹುಡುಗಿಯ ಮುಖ ನೋಡಿ ಆಮೇಲೆ.

ಇಬ್ರಾಹಿಂ ರೋಜಾ ತಪ್ಪಿಸಲೇಬೇಡಿ. ಒಂದೇ ಕಟ್ಟೆಯ ಮೇಲೆ ಈ ಕಡೆ ಗೋರಿ, ಆ ಕಡೆ ಮಸೀದಿ, ನಡುವೆ ಕಾರಂಜಿಯ ಕೊಳ. ಎರಡನೆಯ ಇಬ್ರಾಹಿಂ ಆದಿಲ್ ಶಾ ಅಲ್ಲಿದ್ದಾನೆ. ಜನ ಅವನನ್ನು ಜಗದ್ಗುರು ಅಂತ ಕರೆಯುತ್ತಿದ್ದರು. ಸಂಗೀತ ಅಂದರೆ ಪ್ರಾಣ, ತನ್ನ ಹಾಡುಗಳಲ್ಲಿ ಸರಸ್ವತಿಯನ್ನು ನೆನೆದವನು. ಅವನ ಪಕ್ಕದಲ್ಲಿ ಹೆಂಡತಿ ತಾಜ್ ಸುಲ್ತಾನಾ, ಅವನ ತಾಯಿ, ಮಗಳು, ಇಬ್ಬರು ಗಂಡುಮಕ್ಕಳು. ಒಂದು ಮನೆಯವರೆಲ್ಲ ಒಂದೇ ಸೂರಿನ ಕೆಳಗೆ. ಕಿಟಕಿಗಳನ್ನು ಹತ್ತಿರ ಹೋಗಿ ನೋಡಿ. ಜಾಲರಿ ಅಂದುಕೊಂಡದ್ದು ಜಾಲರಿಯಲ್ಲ, ಅಕ್ಷರ. ಕಲ್ಲಿನಲ್ಲಿ ಅಕ್ಷರ ಬಿಟ್ಟು ಉಳಿದದ್ದನ್ನು ಕೊರೆದು ತೆಗೆದಿದ್ದಾರೆ. ಬೆಳಕು ಆ ಅಕ್ಷರಗಳ ನಡುವೆ ಹಾದು ಒಳಗೆ ಬರುತ್ತದೆ.

ಅಲ್ಲಿ ಮದುವೆಗೆ ಮುಂಚಿನ ಫೋಟೋ ಶೂಟ್ ಜಾಸ್ತಿ ಆಗಿದೆ. ಹೊರಗಿನ ತೋಟದಲ್ಲಿ ಆದರೆ ಬೇಜಾರಿಲ್ಲ. ಗೋರಿಯ ಪಕ್ಕ ಹುಡುಗಿಯನ್ನು ಎತ್ತಿಕೊಂಡು ತಿರುಗಿಸುವುದು ನೋಡೋಕೆ ಆಗುವುದಿಲ್ಲ. ಸಾಠ್ ಖಬರ್, ಅಂದರೆ ಅರವತ್ತು ಗೋರಿ, ಅಂತ ಊರ ಹೊರಗೆ ಒಂದು ಜಾಗ ಇದೆ. ಆದಿಲ್ ಶಾಹಿ ಸೇನಾಪತಿ ಅಫ್ಜಲ್ ಖಾನ್ ಯುದ್ಧಕ್ಕೆ ಹೋಗುವ ಮುಂಚೆ ತನ್ನ ಹೆಂಡಂದಿರನ್ನೆಲ್ಲ ಕೊಂದ ಅಂತ ಜನ ಹೇಳುವ ಕಥೆ. ಕಥೆ ಎಷ್ಟು ನಿಜವೋ, ಗೋರಿಗಳಂತೂ ನಿಜ, ಸಾಲು ಸಾಲು. ಅಲ್ಲಿಗೆ ದೆವ್ವದ ವಿಡಿಯೋ ಮಾಡೋಕೆ ಹುಡುಗರು ರಾತ್ರಿ ಹೋಗುತ್ತಾರೆ. ಕೈ ಮುಗಿದು ಕೇಳಿಕೊಳ್ಳುತ್ತೇನೆ, ಅಂಥ ವಿಡಿಯೋ ಹಂಚಬೇಡಿ.

ಬೆನ್ನುಚೀಲ

ಗೋಡೆ ಮೇಲೆ ಹೆಸರು ಕೆತ್ತುವವರ ಬಗ್ಗೆ ಯಾರೂ ಹೇಳಲಿಲ್ಲ. ಸಂರಕ್ಷಿತ ಸ್ಮಾರಕ ಹಾಳು ಮಾಡಿದರೆ ಎರಡು ವರ್ಷದ ತನಕ ಜೈಲು, ಒಂದು ಲಕ್ಷದ ತನಕ ದಂಡ. ನಿಮ್ಮ ಮಕ್ಕಳು ಅಂಥವರಲ್ಲ ಬಿಡಿ, ಆದರೂ ಬೇರೆಯವರು ಕೆತ್ತುವುದು ಕಂಡರೆ ಕಾವಲಿನವರಿಗೆ ಹೇಳಿ.

ಮಸ್ಕತ್ ಕನ್ನಡಿಗ

ಅಹ್ಮದ್ ಶಾ ಹೆಸರು ಕಂಡು ಬರೆಯುತ್ತಿದ್ದೇನೆ. ಕೆಲಸದ ಮೇಲೆ ಇರಾನಿನ ಕೆರ್ಮಾನ್‌ಗೆ ಹೋದಾಗ ಹತ್ತಿರದ ಮಾಹಾನ್ ಊರಿನ ಶಾ ನಿಅಮತುಲ್ಲಾ ವಲಿ ದರ್ಗಾ ನೋಡಿದೆ. 1431ರಲ್ಲಿ ತೀರಿಕೊಂಡ ಸೂಫಿ. ನೀಲಿ ಗುಮ್ಮಟ, ಅಂಗಳದಲ್ಲಿ ಕೊಳ, ಮರಗಳು. ಅಲ್ಲಿನ ಮೊದಲ ಗುಮ್ಮಟ ಕಟ್ಟಿಸಿದ್ದು 1436ರಲ್ಲಿ ದಖ್ಖನ್ನಿನ ಅಹ್ಮದ್ ಶಾ ಬಹಮನಿ ಅಂತ ಅಲ್ಲಿನವರು ಹೇಳಿದಾಗ ಮೈ ಜುಂ ಅಂದಿತು. ನಮ್ಮ ಬೀದರಿನವನು! ನಾನು ಬೀದರ್ ಹತ್ತಿರದವನು ಅಂದೆ. ಅಲ್ಲಿದ್ದ ಹಿರಿಯರು ಕೈ ಹಿಡಿದು ಕೂರಿಸಿ ಚಹಾ ಕೊಟ್ಟರು. ಮಾತು ಇಬ್ಬರಿಗೂ ಬರಲಿಲ್ಲ. ಎದೆ ಮೇಲೆ ಕೈ ಇಟ್ಟುಕೊಂಡು ತಲೆ ಬಾಗಿಸುವುದನ್ನು ಅವರಿಂದ ಕಲಿತೆ.

ಬೀದರಿನವ

ಅದೇ ಸೂಫಿಯ ಹೆಸರು ಅಷ್ಟೂರಿನ ಗುಮ್ಮಟದ ಒಳಗೂ ಇದೆ ಅಣ್ಣ. ಅವರ ಗುರು, ಗುರುವಿನ ಗುರು ಹೀಗೆ ಪರಂಪರೆಯ ಹೆಸರುಗಳನ್ನು ಮೇಲೆ ಸುತ್ತಲೂ ಬಂಗಾರದ ಬಣ್ಣದಲ್ಲಿ ಬರೆದಿದ್ದಾರೆ. ಅವರ ಪದ್ಯಗಳೂ ಇವೆ. ಅವರ ಮಗ ಖಲೀಲುಲ್ಲಾ ಬೀದರಿಗೇ ಬಂದು ನೆಲೆಸಿದರು. ಅಷ್ಟೂರಿಗೆ ಹೋಗುವ ದಾರಿಯಲ್ಲೇ ಅವರ ಗೋರಿ ಇರುವ ಚೌಖಂಡಿ, ಎಂಟು ಮೂಲೆಯ ಕಟ್ಟಡ. ಒಳಬಾಗಿಲಿನ ಸುತ್ತ ಕರಿಕಲ್ಲಿನಲ್ಲಿ ಕೆತ್ತಿದ ಅಕ್ಷರ ನೋಡಿ, ಬಳ್ಳಿ ಹಬ್ಬಿದ ಹಾಗೆ ಇದೆ. ಶಿರಾಜ್‌ನ ಮುಘೀಸ್ ಅನ್ನುವ ಲಿಪಿಕಾರ ಬರೆದದ್ದು. ಮೆಟ್ಟಿಲು ಎತ್ತರ, ಅಮ್ಮನನ್ನು ಕೈ ಹಿಡಿದು ಹತ್ತಿಸಿ.

ಒಂದು ಮಾತು. ಅಹ್ಮದ್ ಶಾ ಗೋರಿಯ ಒಳಗೆ ಕತ್ತಲೆ. ನೋಡಿಕೊಳ್ಳುವವರು ಬಾಗಿಲಲ್ಲಿ ನಿಂತು ಕನ್ನಡಿಯಿಂದ ಬಿಸಿಲನ್ನು ಒಳಗೆ ಹಾಯಿಸಿ ತೋರಿಸುತ್ತಾರೆ. ಮೊಬೈಲ್ ಟಾರ್ಚ್ ಹಾಕಿ ಅವಸರ ಮಾಡಬೇಡಿ, ಆ ಕನ್ನಡಿಗೆ ಕಾಯಿರಿ. ಬಿಸಿಲು ಚೆನ್ನಾಗಿ ಇರುವ ಹೊತ್ತು ನೋಡಿ ಹೋಗಿ. ಹೊರಡುವಾಗ ಅವರ ಕೈಗೆ ನಿಮಗೆ ತೋಚಿದ್ದು ಕೊಡಿ. ಕೇಳಲಿಲ್ಲ ಅಂತ ಹಾಗೇ ಬರಬೇಡಿ.

ಸಾಗರದವಳು

ಇಷ್ಟೆಲ್ಲ ಸಿಗುತ್ತೆ ಅಂತ ಅಂದುಕೊಂಡಿರಲಿಲ್ಲ. ಅಮ್ಮನಿಗೆ ಎಲ್ಲವನ್ನೂ ಓದಿ ಹೇಳಿದೆ. ಬೃಂದಾವನದ ಮಾತು ಬಂದಾಗ "ಹೌದಲ್ಲ" ಅಂದರು. ಆಮೇಲೆ ಏನೂ ಅನ್ನಲಿಲ್ಲ. ಹೋಗಿ ಬಂದು ಬರೆಯುತ್ತೇನೆ.

ಸಾಗರದವಳು (ಐದು ವಾರದ ನಂತರ)

ಹೋಗಿ ಬಂದೆವು. ತಡವಾಯ್ತು, ಮಗನಿಗೆ ಜ್ವರ ಇತ್ತು. ಈಗ ಆರಾಮ.

ಮೊದಲು ಗೋಳಗುಮ್ಮಟ. ಬೆಳಗ್ಗೆ ಆರು ಗಂಟೆಗೆ ಬಾಗಿಲಲ್ಲಿದ್ದೆವು. ಮೇಲೆ ಹತ್ತುವ ಮುಂಚೆ ಕಟ್ಟೆಯ ಹತ್ತಿರ ನಿಂತೆ. ಪಟ್ಟಣದ ತಂಗಿ ಹೇಳಿದ ಹಾಗೆ ಮನಸ್ಸಿನಲ್ಲೇ ಸಲಾಂ ಹೇಳಿದೆ. ಮೇಲೆ ಹೋಗಿ ಮಗಳನ್ನು ಎದುರು ಬದಿಗೆ ಕೂರಿಸಿದೆವು. ಮಗ ಗೋಡೆಗೆ ಮುಖ ಒತ್ತಿ "ಅಕ್ಕಾ, ನಂಗೆ ಹಸಿವು" ಅಂತ ಪಿಸುಗುಟ್ಟಿದ. ಅವಳು ಅಲ್ಲಿಂದ "ಬಿಸ್ಕೆಟ್ ಬ್ಯಾಗಲ್ಲಿದೆ" ಅಂದಳು. ಅದೂ ಪಿಸುಮಾತಿನಲ್ಲೇ. ನಮ್ಮನೆಯವರು ಒಂದು ಹಳೆ ಬಸ್ ಟಿಕೆಟ್ ಹರಿದರು. ಆ ಶಬ್ದ ನನ್ನ ಕಿವಿಯಲ್ಲಿ ಆಯ್ತು. ಏಳೂವರೆಗೆ ಒಂದು ಶಾಲೆ ಬಸ್ಸು ಬಂತು, ಕೂಗಾಟ ಶುರು. ನನ್ನ ಮಗನೇ ಕಿವಿ ಮುಚ್ಚಿಕೊಂಡು "ಕೆಳಗೆ ಮಲಗಿದಾರೆ ಅಂತ ಅವರಿಗೆ ಯಾರೂ ಹೇಳಲಿಲ್ವಾ?" ಅಂತ ಕೇಳಿದ. ಅವರ ಮೇಷ್ಟ್ರ ಹತ್ತಿರ ಹೋಗಿ ಕಾಗದ ಹರಿಯುವ ಆಟ ಹೇಳಿಕೊಟ್ಟೆ. ಸ್ವಲ್ಪ ಜನ ಕೇಳಿದರು, ಸ್ವಲ್ಪ ಜನ ಕೇಳಲಿಲ್ಲ.

ಕಲಬುರಗಿಯಲ್ಲಿ ಒಂದೇ ದಿನ. ಮೇಷ್ಟ್ರೇ, ಅಲ್ಲಿನ ಬಹಮನಿ ಗೋರಿಗಳಿರುವ ಹಫ್ತ್ ಗುಂಬಜ್ ಹತ್ತಿರ ಗೋರಿಯ ಏಣು, ಚಪ್ಪಟೆ ಅಂತ ಮಗಳು ನೋಡಿ ನೋಡಿ ಹೇಳುತ್ತಿದ್ದಳು.

ಅಷ್ಟೂರಿಗೆ ಹನ್ನೊಂದು ಗಂಟೆಗೆ ಹೋದೆವು. ಅಮ್ಮ ಬಾಗಿಲ ತನಕ ಬಂದು ನಿಂತರು. ನೀವು ಹೋಗಿ, ನಾನು ಇಲ್ಲೇ ಇರುತ್ತೇನೆ ಅಂದರು. ಒತ್ತಾಯ ಮಾಡಲಿಲ್ಲ. ನಾವು ಒಳಗೆ ಹೋದೆವು. ಕತ್ತಲೆ ಅಂದರೆ ಕತ್ತಲೆ. ಗೋರಿಯ ಮೇಲಿನ ಹಸಿರು ಚಾದರ ಮಾತ್ರ ಕಾಣುತ್ತಿತ್ತು. ಊದಿನ ವಾಸನೆ. ನೋಡಿಕೊಳ್ಳುವ ಹಿರಿಯರು ಒಂದು ಕನ್ನಡಿ ತಂದರು. ನಮ್ಮ ಮನೆಯ ಬಚ್ಚಲಿನಲ್ಲಿ ನೇತು ಹಾಕಿರುವಷ್ಟೇ ದೊಡ್ಡದು, ಒಂದು ಮೂಲೆ ಒಡೆದಿತ್ತು. ಬಾಗಿಲ ಹೊರಗೆ ನಿಂತು ಬಿಸಿಲು ಹಿಡಿದರು. ಒಂದು ಬೆಳಕಿನ ತುಂಡು ಗೋಡೆ ಹತ್ತಿ, ಕಮಾನು ಹತ್ತಿ, ಗುಮ್ಮಟಕ್ಕೆ ಹೋಯಿತು. ಅದು ಹೋದಲ್ಲೆಲ್ಲ ಕೆಂಪು ಎದ್ದಿತು, ಬಂಗಾರದ ಅಕ್ಷರ ಎದ್ದಿತು. ಮುಂದೆ ಸರಿದರೆ ಮತ್ತೆ ಕತ್ತಲೆ. ನಾವು ಯಾರೂ ಮಾತಾಡಲಿಲ್ಲ. ಫೋಟೋ ತೆಗೆಯುವುದು ನೆನಪೇ ಆಗಲಿಲ್ಲ.

ತಿರುಗಿ ನೋಡಿದರೆ ಅಮ್ಮ ನಮ್ಮ ಹಿಂದೆ ನಿಂತಿದ್ದಾರೆ. ಯಾವಾಗ ಒಳಗೆ ಬಂದರೋ ಗೊತ್ತಾಗಲಿಲ್ಲ. ತಲೆ ಮೇಲೆ ಸೆರಗು, ಕೈಯಲ್ಲಿ ಹೊರಗಿನ ಅಂಗಡಿಯ ಸಕ್ಕರೆ ಪೊಟ್ಟಣ. ಅಲ್ಲಿದ್ದ ಒಬ್ಬ ಹಳ್ಳಿಯ ಹೆಂಗಸು ಕೊಡಿಸಿದ್ದಂತೆ. ಸಕ್ಕರೆ ಓದಿಸಿದರು. ಒಂದು ಚಿಟಿಕೆ ನನ್ನ ಬಾಯಿಗೆ ಹಾಕಿದರು, ಉಳಿದದ್ದು ಮಕ್ಕಳಿಗೆ. ಸಂಜೆ ರೂಮಿಗೆ ಬಂದ ಮೇಲೆ ಸ್ನಾನದ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಪೊಟ್ಟಣದಲ್ಲಿ ಉಳಿದಿದ್ದ ಸ್ವಲ್ಪ ಸಕ್ಕರೆ ಈಗ ನಮ್ಮ ದೇವರ ಮನೆಯಲ್ಲಿ, ಮಂತ್ರಾಲಯದ ಮಂತ್ರಾಕ್ಷತೆಯ ಡಬ್ಬಿಯ ಪಕ್ಕದಲ್ಲಿದೆ.

ಹೊರಡುವ ಮುಂಚೆ ಆ ಹಿರಿಯರು ನನ್ನ ಮಗಳ ಕೈಗೆ ಕನ್ನಡಿ ಕೊಟ್ಟರು. ಮೊದಲು ಬೆಳಕು ಎಲ್ಲೆಲ್ಲೋ ಕುಣಿಯಿತು. "ಆಹಿಸ್ತಾ, ಆಹಿಸ್ತಾ ಬೇಟಿ" ಅಂದರು. ಆಮೇಲೆ ಅವಳ ಕೈ ನಿಂತಿತು.

ಪಟ್ಟಣದ ಹುಡುಗಿ

ಅಮ್ಮನಿಗೆ ನನ್ನ ಸಲಾಂ ಹೇಳಿ ಅಕ್ಕ. ಶ್ರೀರಂಗಪಟ್ಟಣಕ್ಕೆ ಬಂದಾಗ ನಮ್ಮ ಮನೆಗೆ ಊಟಕ್ಕೆ ಬರಲೇಬೇಕು. ಅಮ್ಮನಿಗೆ ಬೇರೆ ಪಾತ್ರೆಯಲ್ಲಿ ಅಡುಗೆ ಮಾಡುತ್ತೇನೆ, ಚಿಂತೆ ಬೇಡ.

ಬೀದರಿನವ

ಆ ಕನ್ನಡಿಯ ಮೂಲೆ ಒಡೆದು ಬಹಳ ದಿನ ಆಯ್ತು ಅಕ್ಕಾ. ಈ ವಾರ ಹೊಸದೊಂದು ತಗೊಂಡು ಹೋಗಿ ಕೊಟ್ಟು ಬರುತ್ತೇನೆ. ಹೋಳಿ ಆದಮೇಲೆ ಉರುಸಿಗೆ ಬರುವುದಾದರೆ ಮುಂಚೆಯೇ ಹೇಳಿ. ಆಗ ಬೀದರಿನಲ್ಲಿ ರೂಮು ಸಿಗುವುದು ಕಷ್ಟ.